ದಿಕ್ಕಿಗೊಂದು ಅಕ್ಷರ

ಬೆಂಗಳೂರಿನ ಪೂರ್ವಭಾಗದಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ತಂತಿ, ದೂರವಾಣಿ, ವಿಮಾನ ಇವು ಅಪರಿಚಿತವಾದ ವಸ್ತುಗಳಲ್ಲ. 1864ನೆಯ ಇಸವಿ ಆಗಸ್ಟ್ ತಿಂಗಳ ಮೊದಲನೆಯ ದಿನ ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ರೈಲುಮಾರ್ಗ ತೆರೆಯಿತು. ಅಂದಿನ ಕಾಲದಲ್ಲಿ ಹಳಿ ಹೋದೆಡೆಯಲ್ಲೆಲ್ಲ ತಂತಿಯ ಕಂಬಗಳೂ ಸಾಲುಹಿಡಿದು ಹೋಗುತ್ತಿದ್ದವು. 1940ರಲ್ಲಿ ಹಲಸೂರಿನಿಂದ ಆಚೆಗೆ ವಿಮಾನದ ಕಾರ್ಖಾನೆ ಸ್ಥಾಪನೆಯಾಯಿತು. 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಯಂತ್ರಗಳ ಕಾರ್ಖಾನೆ ಬಂದಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನಾಗಲಿ ಆಕಾಶದಲ್ಲಿ ಹಾರುವ ವಿಮಾನವನ್ನಾಗಲಿ ಲೆಕ್ಕಕ್ಕೆ ಹಿಡಿಯಬೇಕಾದರೆ ಗಣಿತದ ಒಂದು ವಿಶೇಷ ಭಾಷೆ ಬೇಕು. ಆ ಭಾಷೆಗೆ ಇಂದಿನ ಸರಳ ಲಿಪಿಯನ್ನು ಕೊಟ್ಟವರಲ್ಲಿ ಮುಖ್ಯನಾದವನು ಆಲಿವರ್ ಹೆವಿಸೈಡ್. ಅವನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಪಾಠ ಹೇಳಿದವನಲ್ಲ. ಆದರೂ ಇಂದು ಜಗತ್ತಿನ ಯಾವ ಮೂಲೆಯಲ್ಲಿ ವಿದ್ಯುತ್ತಿನ ಪಾಠ ನಡೆದರೂ ಅಲ್ಲಿ ಅವನ ಕೈಬರಹದ ನೆರಳು ಬೀಳುತ್ತದೆ.

ಮೊದಲು ಆ ಭಾಷೆ ಏತಕ್ಕೆ ಬೇಕಾಯಿತೆಂಬುದನ್ನು ತಿಳಿಯೋಣ. ಒಂದು ಚೀಲದಲ್ಲಿ ಮೂರು ಕಿಲೋಗ್ರಾಂ ಅಕ್ಕಿಯಿದೆ. ಇನ್ನೂ ನಾಲ್ಕು ಕಿಲೋಗ್ರಾಂ ಸುರಿದರೆ ಏಳಾಗುತ್ತದೆ. ಇದರಲ್ಲಿ ಸಂದೇಹವಿಲ್ಲ. ಆದರೆ ಒಂದು ಕಲ್ಲನ್ನು ಒಬ್ಬನು ಪೂರ್ವದ ಕಡೆಗೆ ಮೂರು ನ್ಯೂಟನ್ ಬಲದಿಂದಲೂ ಇನ್ನೊಬ್ಬನು ಉತ್ತರದ ಕಡೆಗೆ ನಾಲ್ಕು ನ್ಯೂಟನ್ ಬಲದಿಂದಲೂ ಎಳೆದರೆ ಕಲ್ಲಿನ ಮೇಲೆ ಬೀಳುವ ಒಟ್ಟು ಬಲ ಏಳು ನ್ಯೂಟನ್ ಆಗುವುದಿಲ್ಲ, ಐದು ಮಾತ್ರ ಆಗುತ್ತದೆ. ಕಲ್ಲು ಈಶಾನ್ಯದ ಕಡೆಗೆ ಸರಿಯಲು ನೋಡುತ್ತದೆ. ವಿಮಾನವೊಂದು ಗಾಳಿಯನ್ನು ಸೀಳಿಕೊಂಡು ಪೂರ್ವಕ್ಕೆ ಗಂಟೆಗೆ 240 ಕಿಲೋಮೀಟರ್ ವೇಗದಿಂದ ಹೊರಟಿರುವಾಗ, ಗಾಳಿಯು ಉತ್ತರದ ಕಡೆಗೆ 70 ಕಿಲೋಮೀಟರ್ ವೇಗದಿಂದ ಬೀಸುತ್ತಿದ್ದರೆ, ನೆಲದ ಮೇಲೆ ನಿಂತು ನೋಡುವವನಿಗೆ ವಿಮಾನದ ವೇಗ 310 ಅಲ್ಲ, 250 ಕಿಲೋಮೀಟರ್. ಅದರ ದಾರಿಯೂ ನೇರ ಪೂರ್ವಕ್ಕಿರದೆ ತುಸು ಉತ್ತರಕ್ಕೆ ವಾಲಿರುತ್ತದೆ. ಅಕ್ಕಿಯ ದ್ರವ್ಯರಾಶಿ, ನೀರಿನ ತಾಪ, ಕಾಲ ಮುಂತಾದವುಗಳಿಗೆ ಪರಿಮಾಣವೊಂದಿದ್ದರೆ ಸಾಕು, ಅವು ಅದಿಶಗಳು. ಬಲ, ವೇಗ, ವಿದ್ಯುತ್ ಕ್ಷೇತ್ರ ಮುಂತಾದವುಗಳಿಗೆ ಪರಿಮಾಣದೊಡನೆ ದಿಕ್ಕೂ ಬೇಕು, ಅವು ಸದಿಶಗಳು. ಎರಡನ್ನೂ ಒಂದೇ ಬಗೆಯ ಅಕ್ಷರದಿಂದ ಬರೆದರೆ ಓದುವವನು ಮೂರಕ್ಕೆ ನಾಲ್ಕನ್ನು ಕೂಡಿ ಏಳೆಂದು ಮೋಸಹೋಗುತ್ತಾನೆ. ಆದುದರಿಂದ ಸದಿಶವನ್ನು ಹೇಗೆ ಬರೆಯಬೇಕು ಎಂಬುದು ಅಲಂಕಾರದ ಮಾತಲ್ಲ, ಸರಿತಪ್ಪುಗಳ ಮಾತು.

ಆಲಿವರ್ ಹೆವಿಸೈಡನು 1850ನೆಯ ಇಸವಿ ಮೇ 18ರಂದು ಲಂಡನ್ ನಗರದ ಕ್ಯಾಮ್ಡೆನ್ ಟೌನ್ ಎಂಬಲ್ಲಿ ಜನಿಸಿದನು. ನಾಲ್ವರು ಗಂಡುಮಕ್ಕಳಲ್ಲಿ ಅವನೇ ಕಿರಿಯವನು. ತಂದೆ ಥಾಮಸ್ ಹೆವಿಸೈಡನು ಮರದ ಅಚ್ಚುಗಳಲ್ಲಿ ಚಿತ್ರಗಳನ್ನು ಕೊರೆಯುವ ಕುಶಲಕರ್ಮಿ. ಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಅಚ್ಚಾಗುವ ಚಿತ್ರಗಳಿಗೆ ಆ ಕಾಲದಲ್ಲಿ ಇಂತಹ ಅಚ್ಚುಗಳೇ ಆಧಾರವಾಗಿದ್ದವು. ಕೆಲಸ ನಾಜೂಕಿನದಾದರೂ ಆದಾಯ ಅಲ್ಪ. ಮನೆಯಲ್ಲಿ ಬಡತನ ಕಾಲುಮುರಿದುಕೊಂಡು ಕುಳಿತಿತ್ತು. ಅದರ ಮೇಲೆ ಎಳವೆಯಲ್ಲಿಯೇ ಆಲಿವರನಿಗೆ ಕೆಂಪುಜ್ವರ ತಗುಲಿತು. ಜೀವ ಉಳಿಯಿತು; ಆದರೆ ಕಿವಿ ಮಂದವಾಯಿತು. ಓರಗೆಯ ಹುಡುಗರ ಮಾತು ಸರಿಯಾಗಿ ಕೇಳಿಸದೆ, ಅವರ ಆಟಗಳಲ್ಲಿ ಸೇರಲಾರದೆ, ಬಾಲಕನು ತನ್ನಷ್ಟಕ್ಕೆ ತಾನಿರುವುದನ್ನು ಕಲಿತನು. ಆ ಏಕಾಂತ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಶಾಲೆಯಲ್ಲಿ ಅವನು ಜಾಣನೆಂದು ಹೆಸರಾದನು. 1865ರಲ್ಲಿ ಐನೂರಕ್ಕೂ ಹೆಚ್ಚು ಮಂದಿ ಕುಳಿತ ಪರೀಕ್ಷೆಯೊಂದರಲ್ಲಿ ಐದನೆಯ ಸ್ಥಾನ ಪಡೆದನು. ಸೋಜಿಗವೆಂದರೆ, ಮುಂದೆ ಗಣಿತದ ಭಾಷೆಯನ್ನೇ ತಿದ್ದಲಿದ್ದ ಈ ಹುಡುಗನಿಗೆ ಆ ಪರೀಕ್ಷೆಯ ರೇಖಾಗಣಿತದಲ್ಲಿ ಬಹು ಕಡಿಮೆ ಅಂಕಗಳು ಬಂದವು. ಯೂಕ್ಲಿಡನ ಪ್ರಮೇಯಗಳನ್ನು ಅರ್ಥವಾಗದ ಮಕ್ಕಳಿಂದ ಬಾಯಿಪಾಠ ಮಾಡಿಸುವುದನ್ನು ಅವನು ಜೀವಮಾನವೆಲ್ಲ ಹಳಿಯುತ್ತಿದ್ದನು. ಕಣ್ಣಿಂದ ಕಂಡು, ಕೈಯಿಂದ ಮಾಡಿ, ಬಳಸುತ್ತ ಬಳಸುತ್ತ ಕಲಿಯಬೇಕು. ತರ್ಕದ ಕಟ್ಟುನಿಟ್ಟು ಅನಂತರ ಬರಲಿ ಎಂಬುದು ಅವನ ನಂಬಿಕೆ. ಹದಿನಾರನೆಯ ವಯಸ್ಸಿಗೆ ಅವನ ಶಾಲೆಯ ಓದು ಮುಗಿಯಿತು. ಮುಂದೆ ಓದಿಸುವ ಶಕ್ತಿ ಮನೆಯವರಿಗಿರಲಿಲ್ಲ.

ತಾಯಿಯ ಸೋದರಿಯ ಗಂಡ ಚಾರ್ಲ್ಸ್ ವೀಟ್‌ಸ್ಟನ್ ಇಂಗ್ಲೆಂಡಿನಲ್ಲಿ ವಿದ್ಯುತ್ ತಂತಿಯ ವ್ಯವಸ್ಥೆಯನ್ನು ಬಳಕೆಗೆ ತಂದವರಲ್ಲಿ ಒಬ್ಬನು. ಈ ನಂಟಿನಿಂದ ಹೆವಿಸೈಡ್ ಸೋದರರಿಗೆ ತಂತಿಯ ಕೆಲಸದ ಪರಿಚಯವಾಯಿತು. 1868ರಲ್ಲಿ ಆಲಿವರನು ಡೆನ್ಮಾರ್ಕ್ ದೇಶಕ್ಕೆ ಹೋಗಿ ಅಲ್ಲಿಂದ ಇಂಗ್ಲೆಂಡಿಗೆ ಸಮುದ್ರದಡಿಯಲ್ಲಿ ಹಾಕಿದ್ದ ತಂತಿಯಲ್ಲಿ ಸಂದೇಶಗಳನ್ನು ಕಳುಹಿಸುವ ಕೆಲಸಕ್ಕೆ ಸೇರಿದನು. ಮುಂದೆ ಇಂಗ್ಲೆಂಡಿನ ನ್ಯೂಕಾಸಲ್ ಊರಿಗೆ ವರ್ಗವಾಗಿ ಬಂದನು. ಒಂದೇ ತಂತಿಯಲ್ಲಿ ಒಂದು ದಿಕ್ಕಿಗೆ ಸಂದೇಶಗಳನ್ನು ಕಳುಹಿಸಬಹುದಾದ ವೇಗಕ್ಕೂ ಎದುರು ದಿಕ್ಕಿಗೆ ಕಳುಹಿಸಬಹುದಾದ ವೇಗಕ್ಕೂ ವ್ಯತ್ಯಾಸವಿರುವುದನ್ನು ಅಲ್ಲಿ ಕಾಣಬಹುದಾಗಿತ್ತು. ಇತರರು ಅದನ್ನು ಕಂಡು ಸುಮ್ಮನಾದರು. ಹೆವಿಸೈಡನು ಕಾರಣವನ್ನು ಹುಡುಕಿ ಲೆಕ್ಕಹಾಕಿ ತೋರಿಸಿದನು. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿಗಾಗಲೇ ಅವನ ಲೇಖನಗಳು ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾಗತೊಡಗಿದವು.

1873ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು ವಿದ್ಯುತ್ತು ಮತ್ತು ಕಾಂತತ್ವವನ್ನು ಕುರಿತು ಬರೆದ ಮಹಾಗ್ರಂಥವು ಪ್ರಕಟವಾಯಿತು. ಬೆಳಕೂ ವಿದ್ಯುತ್ತಿನ ಮತ್ತು ಕಾಂತದ ಅಲೆಯೇ ಎಂಬ ಅಪೂರ್ವವಾದ ತತ್ತ್ವ ಅದರಲ್ಲಿ ಅಡಗಿತ್ತು. ಗ್ರಂಥಾಲಯದಲ್ಲಿ ಅದನ್ನು ತೆರೆದು ನೋಡಿದ ತರುಣ ಹೆವಿಸೈಡನಿಗೆ ಮುಕ್ಕಾಲುಪಾಲು ಅರ್ಥವಾಗಲಿಲ್ಲ. ಅವನು ಶಾಲೆಯಲ್ಲಿ ಕಲಿತ ಗಣಿತ ಅದಕ್ಕೆ ಸಾಲದಾಗಿತ್ತು. ಆದರೂ ಇದರಲ್ಲಿ ಮಹತ್ತಾದುದೇನೋ ಇದೆ, ಇದನ್ನು ಕರಗತ ಮಾಡಿಕೊಳ್ಳಲೇಬೇಕು ಎಂದು ಅವನು ನಿಶ್ಚಯಿಸಿದನು. 1874ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಇದ್ದ ಕೆಲಸವನ್ನು ಬಿಟ್ಟು ತಂದೆತಾಯಿಗಳ ಮನೆಗೆ ಹಿಂದಿರುಗಿದನು. ಆಮೇಲೆ ಅವನು ಸಂಬಳದ ಕೆಲಸಕ್ಕೆ ಸೇರಲೇ ಇಲ್ಲ. ಕೋಣೆಯ ಬಾಗಿಲು ಮುಚ್ಚಿಕೊಂಡು, ಗುರುವಿಲ್ಲದೆ, ಸಹಪಾಠಿಗಳಿಲ್ಲದೆ, ವರ್ಷಗಟ್ಟಲೆ ಓದಿದನು. ಬಡವರ ಮನೆಯ ಮಗ ದುಡಿಯದೆ ಪುಸ್ತಕ ಹಿಡಿದು ಕುಳಿತರೆ ಲೋಕ ಏನನ್ನುವುದೆಂಬುದನ್ನು ಊಹಿಸಬಹುದು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಓದುತ್ತ ಹೋದಂತೆ ಅವನಿಗೊಂದು ವಿಷಯ ಸ್ಪಷ್ಟವಾಯಿತು. ಮ್ಯಾಕ್ಸ್‌ವೆಲ್ಲನ ವಿಚಾರಗಳು ಎಷ್ಟು ಕಷ್ಟವೋ ಅದಕ್ಕಿಂತ ಹೆಚ್ಚು ಕಷ್ಟ ಅವುಗಳನ್ನು ಬರೆದ ರೀತಿಯಿಂದ ಬಂದಿತ್ತು. ಸದಿಶವೊಂದನ್ನು ಮೂರು ದಿಕ್ಕುಗಳಲ್ಲಿ ಮೂರು ಘಟಕಗಳಾಗಿ ಒಡೆದು, ಒಂದೊಂದು ಘಟಕಕ್ಕೂ ಒಂದೊಂದು ಸಮೀಕರಣ ಬರೆಯುವುದು ಆ ಕಾಲದ ರೂಢಿ. ಹೀಗಾಗಿ ಒಂದು ಮಾತು ಹೇಳಬೇಕಾದ ಕಡೆ ಮೂರು ಮಾತುಗಳು ಬರುತ್ತಿದ್ದವು. 1865ರ ಲೇಖನದಲ್ಲಿ ಮ್ಯಾಕ್ಸ್‌ವೆಲ್ಲನು ತನ್ನ ಸಿದ್ಧಾಂತವನ್ನು ಇಪ್ಪತ್ತು ಅಜ್ಞಾತಗಳುಳ್ಳ ಇಪ್ಪತ್ತು ಸಮೀಕರಣಗಳಲ್ಲಿ ಹೇಳಿದ್ದನು. ಪುಟದ ತುಂಬ ಅಕ್ಷರಗಳ ಕಾಡು ಬೆಳೆದು, ವಿದ್ಯುತ್ತೆಲ್ಲಿ ಕಾಂತವೆಲ್ಲಿ ಎಂಬುದು ಓದುಗನಿಗೆ ಕಾಣದಾಗುತ್ತಿತ್ತು.

ಇದಕ್ಕೆ ಪರಿಹಾರವೆಂದು ಆಗ ಇದ್ದ ಇನ್ನೊಂದು ಮಾರ್ಗ ಐರ್ಲೆಂಡಿನ ವಿಲಿಯಂ ರೋವನ್ ಹ್ಯಾಮಿಲ್ಟನ್ನನದು. 1843ರ ಅಕ್ಟೋಬರ್ 16ರಂದು ಡಬ್ಲಿನ್ ನಗರದ ಕಾಲುವೆಯ ಪಕ್ಕದಲ್ಲಿ ಹೆಂಡತಿಯೊಡನೆ ನಡೆದುಹೋಗುತ್ತಿದ್ದಾಗ ಹ್ಯಾಮಿಲ್ಟನ್ನನಿಗೆ ಹೊಸಬಗೆಯ ಸಂಖ್ಯೆಯೊಂದು ಹೊಳೆಯಿತು. ಸಂತೋಷ ತಡೆಯಲಾರದೆ ಅದರ ಸೂತ್ರವನ್ನು ಅಲ್ಲಿದ್ದ ಸೇತುವೆಯ ಕಲ್ಲಿನ ಮೇಲೆ ಕೆತ್ತಿದನೆಂದು ಪ್ರಸಿದ್ಧಿ. ನಾಲ್ಕು ಅಂಗಗಳುಳ್ಳ ಆ ಸಂಖ್ಯೆಗೆ ಕ್ವಾಟರ್ನಿಯನ್ ಎಂದು ಹೆಸರು. ಅದರಲ್ಲಿ ಒಂದು ಅಂಗ ಅದಿಶ, ಉಳಿದ ಮೂರು ಅಂಗಗಳು ಸೇರಿ ಸದಿಶ. ಈ ಎರಡು ಭಾಗಗಳಿಗೆ ಇಂಗ್ಲಿಷಿನಲ್ಲಿ ಇಂದಿಗೂ ನಡೆಯುತ್ತಿರುವ ಹೆಸರುಗಳನ್ನಿಟ್ಟವನೂ ಹ್ಯಾಮಿಲ್ಟನ್ನನೇ. ಅವನ ಪದ್ಧತಿಯಲ್ಲಿ ಸದಿಶಗಳಿಗೆ ಗ್ರೀಕ್ ಅಕ್ಷರಗಳು ಸಂಕೇತ. ಮ್ಯಾಕ್ಸ್‌ವೆಲ್ಲನು ತನ್ನ ಗ್ರಂಥದಲ್ಲಿ ಅಲ್ಲಲ್ಲಿ ಈ ಪದ್ಧತಿಯನ್ನು ಸೂಚಿಸಿ, ಸದಿಶಗಳಿಗೆ ಕೊಕ್ಕೆಕೊಕ್ಕೆಯಾದ ಹಳೆಯ ಜರ್ಮನ್ ಅಕ್ಷರಗಳನ್ನು ಬಳಸಿದ್ದನು.

ಹೆವಿಸೈಡನು ಕ್ವಾಟರ್ನಿಯನ್ನುಗಳನ್ನು ಶ್ರದ್ಧೆಯಿಂದ ಕಲಿತು, ವಿದ್ಯುತ್ತಿನ ಲೆಕ್ಕಗಳಿಗೆ ಅನ್ವಯಿಸಿ ನೋಡಿದನು. ಅವನಿಗೆ ಎರಡು ತೊಡಕುಗಳು ಕಂಡವು. ಮೊದಲನೆಯದು ಚಿಹ್ನೆಯ ತೊಡಕು. ಆ ಪದ್ಧತಿಯಲ್ಲಿ ಸದಿಶದ ವರ್ಗವು ಋಣಸಂಖ್ಯೆಯಾಗುತ್ತದೆ. ಹತ್ತು ನ್ಯೂಟನ್ ಬಲವು ವಸ್ತುವೊಂದನ್ನು ತನ್ನದೇ ದಿಕ್ಕಿನಲ್ಲಿ ಮೂರು ಮೀಟರ್ ಸರಿಸಿದರೆ ನಡೆದ ಕೆಲಸ ಮೂವತ್ತು ಜೌಲ್ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಹ್ಯಾಮಿಲ್ಟನ್ನನ ಗುಣಾಕಾರದಲ್ಲಿ ಅದು ಋಣ ಮೂವತ್ತಾಗಿ ಬರುತ್ತದೆ. ಪ್ರತಿಯೊಂದು ಕಡೆಯಲ್ಲಿಯೂ ಋಣಚಿಹ್ನೆಯೊಂದನ್ನು ಮುಂದೆ ಸೇರಿಸಿ ಸರಿಪಡಿಸಬೇಕು. ಎರಡನೆಯದು ಬಳಕೆಯ ತೊಡಕು. ಎರಡು ಸದಿಶಗಳನ್ನು ಗುಣಿಸಿದಾಗ ಬರುವ ಅದಿಶ ಭಾಗವೂ ಸದಿಶ ಭಾಗವೂ ಭೌತವಿಜ್ಞಾನದಲ್ಲಿ ಬೇರೆಬೇರೆಯಾಗಿಯೇ ಬೇಕಾಗುತ್ತವೆ. ಬಲ ಮಾಡಿದ ಕೆಲಸವನ್ನು ತಿಳಿಯಲು ಅದಿಶ ಗುಣಲಬ್ಧ ಬೇಕು. ಬಾಗಿಲನ್ನು ತಿರುಗಿಸುವ ಬಲದ ಪರಿಣಾಮವನ್ನು ತಿಳಿಯಲು ಸದಿಶ ಗುಣಲಬ್ಧ ಬೇಕು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಕ್ವಾಟರ್ನಿಯನ್ನಿನಿಂದ ಎಂಜಿನಿಯರನಿಗೆ ಪ್ರಯೋಜನವಾಗುವ ಸಂದರ್ಭ ಅತಿ ವಿರಳ.

ಆದುದರಿಂದ ಹೆವಿಸೈಡನು ಆ ಗಂಟನ್ನು ಬಿಚ್ಚಿದನು. ಎರಡು ಗುಣಲಬ್ಧಗಳನ್ನೂ ಬೇರೆಬೇರೆಯಾಗಿ ನಿರೂಪಿಸಿ, ಸದಿಶದ ವರ್ಗವನ್ನು ಧನಸಂಖ್ಯೆಯಾಗಿಟ್ಟನು. ಬಳಿಕ ಅಕ್ಷರದ ಪ್ರಶ್ನೆ ಬಂದಿತು. ಗ್ರೀಕ್ ಅಕ್ಷರಗಳನ್ನು ಆರಿಸಿದರೆ ಅವು ಆಗಲೇ ಬೇರೆ ಹತ್ತಾರು ಕೆಲಸಗಳಲ್ಲಿ ತೊಡಗಿವೆ. ಜರ್ಮನ್ ಅಕ್ಷರಗಳನ್ನು ಆರಿಸಿದರೆ ಒಂದರಿಂದೊಂದನ್ನು ಗುರುತಿಸುವುದರಲ್ಲಿಯೇ ಕಣ್ಣು ದಣಿಯುತ್ತದೆ. ಕೈಯಿಂದ ಬರೆಯುವುದಂತೂ ಇನ್ನೂ ಕಷ್ಟ. ನಿಘಂಟುಗಳಲ್ಲಿ ಶಬ್ದಗಳನ್ನು ಎತ್ತಿತೋರಿಸಲು ಮುದ್ರಕರು ಕ್ಲಾರೆಂಡನ್ ಎಂಬ ದಪ್ಪ ಅಚ್ಚಿನ ಮೊಳೆಗಳನ್ನು ಬಳಸುತ್ತಿದ್ದರು. ಹೆವಿಸೈಡನು ಅವನ್ನೇ ಆರಿಸಿಕೊಂಡನು. ಸದಿಶಕ್ಕೆ ದಪ್ಪಕ್ಷರ, ಅದರ ಪರಿಮಾಣಕ್ಕೆ ಅದೇ ಅಕ್ಷರದ ತೆಳುರೂಪ. ಪುಟದ ಮೇಲೆ ಕಣ್ಣು ಹಾಯಿಸಿದೊಡನೆ ಯಾವುದಕ್ಕೆ ದಿಕ್ಕಿದೆ, ಯಾವುದಕ್ಕಿಲ್ಲ ಎಂಬುದು ತಿಳಿದುಹೋಗುತ್ತದೆ. ಹೊಸ ಅಕ್ಷರವನ್ನು ಕಲಿಯಬೇಕಾಗಿಲ್ಲ. ಬಲ್ಲ ಅಕ್ಷರವೇ ದಪ್ಪವಾಗಿ ನಿಂತಿದೆ. ಅಚ್ಚಿನ ಕೆಲಸದವನ ಮಗನಿಗೆ ಒಪ್ಪುವಂತಹ ಆಯ್ಕೆ ಇದು.

ಈ ಲಿಪಿಯನ್ನು ಹಿಡಿದು 1884-85ರ ಸುಮಾರಿನಲ್ಲಿ ಅವನು ಮ್ಯಾಕ್ಸ್‌ವೆಲ್ಲನ ಸಿದ್ಧಾಂತವನ್ನು ಮತ್ತೆ ಬರೆದನು. ಕಾಡು ಸವರಿದಂತಾಯಿತು. ವಿದ್ಯುತ್ ಕ್ಷೇತ್ರಕ್ಕೆ ಎರಡು, ಕಾಂತಕ್ಷೇತ್ರಕ್ಕೆ ಎರಡು, ಹೀಗೆ ನಾಲ್ಕು ಚಿಕ್ಕ ಸಮೀಕರಣಗಳಲ್ಲಿ ಸಾರವೆಲ್ಲ ಅಡಗಿತು. ವಿದ್ಯುತ್ತಿಗೂ ಕಾಂತಕ್ಕೂ ಇರುವ ಸಾಮ್ಯ ತಕ್ಕಡಿಯ ಎರಡು ತಟ್ಟೆಗಳಂತೆ ಎದುರುಬದುರಾಗಿ ಕಾಣಿಸಿತು. ಕಾಲೇಜಿನ ವಿದ್ಯಾರ್ಥಿಗಳು ಇಂದು ಮ್ಯಾಕ್ಸ್‌ವೆಲ್ಲನ ಸಮೀಕರಣಗಳೆಂದು ಕಲಿಯುವುದು ಬಹುಮಟ್ಟಿಗೆ ಹೆವಿಸೈಡನ ಕೈಯಲ್ಲಿ ರೂಪುಗೊಂಡವುಗಳನ್ನೇ. ಜರ್ಮನಿಯಲ್ಲಿ ಹೆನ್ರಿಕ್ ಹರ್ಟ್ಸನೂ ತನ್ನದೇ ದಾರಿಯಿಂದ ಇಂತಹ ರೂಪವನ್ನು ಮುಟ್ಟಿದನು. ಹೆವಿಸೈಡನು ತನಗಿಂತ ಮೊದಲೇ ಅಲ್ಲಿಗೆ ತಲುಪಿದ್ದನೆಂಬುದನ್ನು ಆ ಉದಾರಿಯು ಬಹಿರಂಗವಾಗಿ ಒಪ್ಪಿಕೊಂಡನು.

ಈ ಬರಹಗಳೆಲ್ಲ ಪ್ರಕಟವಾದುದು ವಿದ್ವಾಂಸರ ಪತ್ರಿಕೆಯಲ್ಲಿ ಅಲ್ಲ, ವಿದ್ಯುತ್ ಕೆಲಸಗಾರರಿಗಾಗಿ ಹೊರಡುತ್ತಿದ್ದ ‘ದಿ ಎಲೆಕ್ಟ್ರಿಷಿಯನ್’ ಎಂಬ ವಾರಪತ್ರಿಕೆಯಲ್ಲಿ. ಅದರಿಂದ ಬರುತ್ತಿದ್ದ ಸಂಭಾವನೆ ವರ್ಷಕ್ಕೆ ಸುಮಾರು ನಲವತ್ತು ಪೌಂಡು. ಅದೇ ಅವನ ಆದಾಯ. ವಿಷಯ ಹೊಸದಾದಾಗ ಹೆಸರೂ ಹೊಸದು ಬೇಕಾಗುತ್ತದೆ. ಇಂಡಕ್ಟೆನ್ಸ್, ಇಂಪಿಡೆನ್ಸ್ ಮೊದಲಾಗಿ ಇಂದು ವಿದ್ಯುತ್ ಎಂಜಿನಿಯರುಗಳ ನಾಲಗೆಯ ಮೇಲೆ ಆಡುವ ಹಲವು ಪದಗಳನ್ನು ಅವನು ಈ ಲೇಖನಗಳಲ್ಲಿಯೇ ಸೃಷ್ಟಿಸಿದನು.

1887ರಲ್ಲಿ ಅವನಿಗೆ ದೊಡ್ಡ ಆಘಾತ ಒದಗಿತು. ದೂರದ ಊರಿಗೆ ದೂರವಾಣಿಯಲ್ಲಿ ಮಾತನಾಡಿದರೆ ಧ್ವನಿ ಕಲಸಿಹೋಗಿ ಅರ್ಥವಾಗದಂತಾಗುವುದು ಆಗಿನ ಕಾಲದ ದೊಡ್ಡ ಸಮಸ್ಯೆ. ಮಾತಿನಲ್ಲಿರುವ ಸಣ್ಣದನಿ ದಪ್ಪದನಿಗಳು ತಂತಿಯಲ್ಲಿ ಬೇರೆಬೇರೆ ವೇಗದಿಂದ ಸಾಗಿ, ಬೇರೆಬೇರೆ ಪ್ರಮಾಣದಲ್ಲಿ ಕುಗ್ಗುವುದೇ ಅದಕ್ಕೆ ಕಾರಣ. ತಂತಿಯ ಇಂಡಕ್ಟೆನ್ಸನ್ನು ತಕ್ಕಷ್ಟು ಹೆಚ್ಚಿಸಿದರೆ ಎಲ್ಲ ದನಿಗಳೂ ಜೊತೆಜೊತೆಯಾಗಿ ಸಾಗುತ್ತವೆ, ಮಾತು ಸ್ವಚ್ಛವಾಗಿ ಕೇಳುತ್ತದೆ ಎಂದು ಹೆವಿಸೈಡನು ಲೆಕ್ಕದಿಂದ ತೋರಿಸಿದನು. ಆದರೆ ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ವಿದ್ಯುತ್ ವಿಭಾಗದ ಹಿರಿಯ ಅಧಿಕಾರಿಯಾಗಿದ್ದ ವಿಲಿಯಂ ಪ್ರೀಸನು ಇಂಡಕ್ಟೆನ್ಸೇ ದೂರವಾಣಿಯ ಶತ್ರುವೆಂದು ಸಾರುತ್ತಿದ್ದನು. ಹೆವಿಸೈಡನೂ ಅದೇ ಇಲಾಖೆಯಲ್ಲಿದ್ದ ಅವನ ಅಣ್ಣ ಆರ್ಥರನೂ ಸೇರಿ ಬರೆದ ಲೇಖನದ ಪ್ರಕಟಣೆಗೆ ಪ್ರೀಸನು ಅಡ್ಡಿಯಾದನು. ಅದೇ ವರ್ಷ ‘ಎಲೆಕ್ಟ್ರಿಷಿಯನ್’ ಪತ್ರಿಕೆಗೆ ಹೊಸ ಸಂಪಾದಕನು ಬಂದು, ಹೆವಿಸೈಡನ ಲೇಖನಗಳನ್ನು ಓದುವವರೇ ಸಿಗುತ್ತಿಲ್ಲವೆಂದು ತಿಳಿಸಿ ಮಾಲೆಯನ್ನು ನಿಲ್ಲಿಸಿದನು. ಹದಿಮೂರು ವರ್ಷಗಳ ತಪಸ್ಸಿಗೆ ಸಿಕ್ಕಿದ ಫಲ ಇದು.

ಕತ್ತಲೆಯ ಹಿಂದೆಯೇ ಬೆಳಕು ಬಂದಿತು. 1888ರಲ್ಲಿ ಹರ್ಟ್ಸನು ವಿದ್ಯುತ್ಕಾಂತ ಅಲೆಗಳನ್ನು ಪ್ರಯೋಗದಿಂದ ಕಂಡುಹಿಡಿದನು. ಮ್ಯಾಕ್ಸ್‌ವೆಲ್ಲನ ಸಿದ್ಧಾಂತ ಸತ್ಯವೆಂದು ಲೋಕಕ್ಕೆ ಮನದಟ್ಟಾಯಿತು. ಅದನ್ನು ಅಷ್ಟರವರೆಗೆ ಅರ್ಥಮಾಡಿಕೊಂಡು ಬೆಳೆಸಿದವರು ಯಾರೆಂದು ನೋಡಿದಾಗ ಎಲ್ಲರ ಕಣ್ಣೂ ಹೆವಿಸೈಡನ ಮೇಲೆ ಬಿದ್ದಿತು. 1889ರ ಆರಂಭದಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಖ್ಯಾತನಾದ ವಿಲಿಯಂ ಥಾಮ್ಸನ್ನನು ಎಂಜಿನಿಯರುಗಳ ಸಭೆಯಲ್ಲಿ ಅಧ್ಯಕ್ಷಪೀಠದಿಂದ ಅವನನ್ನು ಮನಸಾರೆ ಹೊಗಳಿದನು. 1891ರಲ್ಲಿ ರಾಯಲ್ ಸೊಸೈಟಿಯು ಅವನನ್ನು ಸದಸ್ಯನಾಗಿ ಆರಿಸಿತು. ಅದೇ ವರ್ಷ ‘ಎಲೆಕ್ಟ್ರಿಷಿಯನ್’ ಪತ್ರಿಕೆಯೂ ಅವನನ್ನು ಮತ್ತೆ ಕರೆದು ಬರೆಯಿಸತೊಡಗಿತು. ಆ ಬರಹಗಳು ಕೂಡಿ ‘ವಿದ್ಯುತ್ಕಾಂತ ಸಿದ್ಧಾಂತ’ ಎಂಬ ಅರ್ಥದ ಹೆಸರಿನಲ್ಲಿ 1893, 1899 ಮತ್ತು 1912ರಲ್ಲಿ ಮೂರು ಸಂಪುಟಗಳಾದವು. ಮೊದಲ ಸಂಪುಟದ ಇಡೀ ಒಂದು ಅಧ್ಯಾಯ ಸದಿಶಗಳ ಗಣಿತಕ್ಕೆ ಮೀಸಲು. ಸದಿಶ ಗಣಿತವನ್ನು ಆರಂಭದಿಂದ ಕಲಿಸುವ ಪಾಠವಾಗಿ ಅದನ್ನು ಅವನು ಬರೆದನು.

ಇಷ್ಟರಲ್ಲಿ ಸಂಕೇತಗಳ ಯುದ್ಧ ಆರಂಭವಾಗಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಜೋಸಯ ವಿಲಾರ್ಡ್ ಗಿಬ್ಸ್ ಎಂಬ ಮೌನಿ ಪ್ರಾಧ್ಯಾಪಕನು ಹೆವಿಸೈಡನ ಕೆಲಸವನ್ನು ಅರಿಯದೆಯೇ ಅದೇ ತೀರ್ಮಾನಕ್ಕೆ ಬಂದು, 1881 ಮತ್ತು 1884ರಲ್ಲಿ ತನ್ನ ವಿದ್ಯಾರ್ಥಿಗಳಿಗಾಗಿ ಚಿಕ್ಕ ಪುಸ್ತಕವೊಂದನ್ನು ಎರಡು ಭಾಗಗಳಾಗಿ ಅಚ್ಚುಹಾಕಿಸಿದ್ದನು. ಅವನು ಸದಿಶಗಳಿಗೆ ಗ್ರೀಕ್ ಅಕ್ಷರಗಳನ್ನೇ ಉಳಿಸಿಕೊಂಡಿದ್ದನು. ಆದರೆ ಅದಿಶ ಗುಣಲಬ್ಧಕ್ಕೆ ಚುಕ್ಕೆಯನ್ನೂ ಸದಿಶ ಗುಣಲಬ್ಧಕ್ಕೆ ಗುಣಾಕಾರದ ಗುರುತನ್ನೂ ಆರಿಸಿದನು. ಹ್ಯಾಮಿಲ್ಟನ್ನನ ಶಿಷ್ಯಪರಂಪರೆಯ ಮುಖಂಡನಾದ ಎಡಿನ್‌ಬರೋದ ಪೀಟರ್ ಗತ್ರಿ ಟೇಟನಿಗೆ ಇದು ಅಪಚಾರವೆನಿಸಿತು. ಗುರುವಿನ ಸುಂದರವಾದ ಕಟ್ಟಡವನ್ನು ಕೆಡವಿ ಕಲ್ಲುಗಳನ್ನು ಕದ್ದೊಯ್ದರೆಂಬಂತೆ ಅವನು ಕಿಡಿಕಾರಿದನು. 1890ರಿಂದ ನಾಲ್ಕೈದು ವರ್ಷ ‘ನೇಚರ್’ ಪತ್ರಿಕೆಯಲ್ಲಿ ವಾದವಿವಾದಗಳು ನಡೆದವು. ಗಿಬ್ಸನು ಶಾಂತವಾಗಿ ಉತ್ತರ ಕೊಟ್ಟನು; ಹೆವಿಸೈಡನು ಹಾಸ್ಯದ ಚುರುಕು ಬೆರೆಸಿ ಉತ್ತರ ಕೊಟ್ಟನು. ಟೇಟನ ಪಕ್ಷದಲ್ಲಿಯೂ ನ್ಯಾಯವಿಲ್ಲದಿರಲಿಲ್ಲ. ಕ್ವಾಟರ್ನಿಯನ್ನು ಗಣಿತವಾಗಿ ಅತ್ಯಂತ ಪರಿಪೂರ್ಣವಾದುದು. ಅದರಲ್ಲಿ ಭಾಗಾಕಾರವೂ ಸಾಧ್ಯ. ಸದಿಶಗಳ ಹೊಸ ಪದ್ಧತಿಯಲ್ಲಿ ಅದು ಸಾಧ್ಯವಿಲ್ಲ. ಆದರೆ ಗಣಿತಜ್ಞನಿಗೆ ಚೆಲುವಾದುದು ತಂತಿ ಎಳೆಯುವ ಎಂಜಿನಿಯರನಿಗೂ ಹೊಸದಾಗಿ ಕಲಿಯುವ ವಿದ್ಯಾರ್ಥಿಗೂ ಸುಲಭವಾದುದೇ ಎಂಬುದು ಹೆವಿಸೈಡನ ಪ್ರಶ್ನೆ.

ಕೊನೆಗೆ ತೀರ್ಪು ಕೊಟ್ಟುದು ಬಳಕೆ. 1901ರಲ್ಲಿ ಗಿಬ್ಸನ ಶಿಷ್ಯನಾದ ಎಡ್ವಿನ್ ವಿಲ್ಸನ್ ಎಂಬ ತರುಣನು ಗುರುವಿನ ಉಪನ್ಯಾಸಗಳನ್ನು ಆಧರಿಸಿ ಪಠ್ಯಪುಸ್ತಕವೊಂದನ್ನು ಬರೆದನು. ಅದರಲ್ಲಿ ಗಿಬ್ಸನ ಚುಕ್ಕೆಯೂ ಗುಣಾಕಾರದ ಗುರುತೂ ಉಳಿದವು. ಗ್ರೀಕ್ ಅಕ್ಷರಗಳು ಹೋಗಿ ಹೆವಿಸೈಡನ ದಪ್ಪಕ್ಷರಗಳು ಬಂದವು. ಗುಣಲಬ್ಧಗಳಿಗೆ ಹೆವಿಸೈಡನು ಆರಿಸಿದ್ದ ಗುರುತುಗಳು ಮರೆಯಾದವು. ಹೀಗೆ ಇಂದಿನ ಲಿಪಿ ಒಬ್ಬನ ಸ್ವತ್ತಲ್ಲ. ಹೆಸರು ಹ್ಯಾಮಿಲ್ಟನ್ನನದು, ಗುರುತು ಗಿಬ್ಸನದು, ಅಕ್ಷರ ಹೆವಿಸೈಡನದು.

ಅವನ ದೂರವಾಣಿ ಸಿದ್ಧಾಂತಕ್ಕೂ ಕಾಲ ಬಂದಿತು. ಆದರೆ ಫಲ ಮಾತ್ರ ಅವನ ಕೈಸೇರಲಿಲ್ಲ. ತಂತಿಯ ಉದ್ದಕ್ಕೂ ಗೊತ್ತಾದ ಅಂತರಗಳಲ್ಲಿ ಸುರುಳಿಗಳನ್ನು ಸೇರಿಸಿ ಇಂಡಕ್ಟೆನ್ಸನ್ನು ಹೆಚ್ಚಿಸುವ ವಿಧಾನಕ್ಕೆ 1900ರಲ್ಲಿ ಅಮೆರಿಕದಲ್ಲಿ ಮೈಕೆಲ್ ಪ್ಯೂಪಿನ್ನನಿಗೆ ಹಕ್ಕುಪತ್ರ ದೊರೆತು, ಅದರಿಂದ ಅವನು ಶ್ರೀಮಂತನಾದನು. ಮೂಲತತ್ತ್ವವನ್ನು ಕಂಡವನು ಹಕ್ಕುಪತ್ರ ಪಡೆದಿರಲಿಲ್ಲ. ಇಂಗ್ಲೆಂಡಿನ ದಕ್ಷಿಣದ ಕಡಲತೀರದ ಊರೊಂದರಲ್ಲಿ ಅವನು ಮುದಿ ತಂದೆತಾಯಿಗಳ ಸೇವೆ ಮಾಡಿಕೊಂಡು ಕಷ್ಟದಲ್ಲಿ ಕಾಲ ಕಳೆಯುತ್ತಿದ್ದನು. ಮಿತ್ರರು ಪರಿಹಾರನಿಧಿಯಿಂದ ಹಣ ಕೊಡಿಸಹೋದಾಗ ಅದನ್ನು ದಾನವೆಂದು ತಿಳಿದು ನಿರಾಕರಿಸಿದನು. ಕೊನೆಗೆ 1896ರಲ್ಲಿ ವಿಜ್ಞಾನಕ್ಕೆ ಮಾಡಿದ ಸೇವೆಗಾಗಿ ಸರ್ಕಾರ ಕೊಟ್ಟ ವರ್ಷಕ್ಕೆ 120 ಪೌಂಡುಗಳ ಗೌರವವೇತನವನ್ನು ಮಾತ್ರ ಸ್ವೀಕರಿಸಿದನು.

1901ರಲ್ಲಿ ಮಾರ್ಕೋನಿಯು ಅಟ್ಲಾಂಟಿಕ್ ಸಾಗರದಾಚೆಗೆ ನಿಸ್ತಂತು ಸಂಕೇತವನ್ನು ಕಳುಹಿಸಿದನು. ನೇರವಾಗಿ ಸಾಗುವ ಅಲೆ ಉರುಟಾದ ಭೂಮಿಯನ್ನು ಬಳಸಿ ಹೋದುದು ಹೇಗೆ? ಆಕಾಶದ ಎತ್ತರದಲ್ಲಿ ವಿದ್ಯುತ್ತನ್ನು ಹರಿಯಗೊಡುವ ಪದರವೊಂದಿರಬಹುದು, ಅಲೆಗಳು ಅದಕ್ಕೂ ನೆಲಕ್ಕೂ ನಡುವೆ ಸಾಗುತ್ತಿರಬಹುದು ಎಂದು 1902ರಲ್ಲಿ ಹೆವಿಸೈಡನು ಸೂಚಿಸಿದನು. ಅಮೆರಿಕದ ಕೆನೆಲಿಯೂ ಸ್ವತಂತ್ರವಾಗಿ ಅದನ್ನೇ ಹೇಳಿದನು. 1924ರ ಡಿಸೆಂಬರಿನಲ್ಲಿ ಆಪಲ್ಟನ್ ಮತ್ತು ಬಾರ್ನೆಟ್ ಎಂಬ ವಿಜ್ಞಾನಿಗಳು ಪ್ರಯೋಗದಿಂದ ಆ ಪದರವಿರುವುದನ್ನು ಸಿದ್ಧಪಡಿಸಿದರು.

1905ರಲ್ಲಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯ ಹೆವಿಸೈಡನಿಗೆ ಗೌರವ ಡಾಕ್ಟರ್ ಪದವಿ ನೀಡಿತು. 1922ರಲ್ಲಿ ಇಂಗ್ಲೆಂಡಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆ ಫ್ಯಾರಡೆ ಪದಕವನ್ನು ಏರ್ಪಡಿಸಿ, ಮೊಟ್ಟಮೊದಲು ಅವನಿಗೇ ಅರ್ಪಿಸಿತು. ಆ ವೇಳೆಗೆ ಅವನು ಟಾರ್ಕಿ ಎಂಬ ಊರಿನಲ್ಲಿ ಒಂಟಿಯಾಗಿ ವಾಸಿಸುತ್ತಿದ್ದನು. ಮದುವೆಯಾಗಿರಲಿಲ್ಲ. ಕಿವಿ ಬಹುಮಟ್ಟಿಗೆ ಕೆಟ್ಟಿತ್ತು. ಬಾಕಿ ತೀರಿಸಲಾಗದೆ ಮನೆಯ ಗ್ಯಾಸ್ ಸಂಪರ್ಕ ಕಡಿದುಹೋಗಿ ಚಳಿಯಲ್ಲಿ ನಡುಗಿದ ದಿನಗಳೂ ಉಂಟು. ಏಣಿಯಿಂದ ಬಿದ್ದು ಹಾಸಿಗೆ ಹಿಡಿದ ಅವನು 1925ರ ಫೆಬ್ರವರಿ 3ರಂದು, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು.

ಹೆವಿಸೈಡನಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಸಂಕೇತಗಳನ್ನು ಸುಲಭಗೊಳಿಸಿದ ಅವನ ಗ್ರಂಥಗಳೇ ಬಹಳ ಕಠಿಣ. ತನಗೆ ಹೊಳೆದುದು ಇತರರಿಗೂ ಹೊಳೆಯುವುದೆಂದು ನಂಬಿ ನಡುವಣ ಮೆಟ್ಟಿಲುಗಳನ್ನು ಹಾರಿಬಿಡುತ್ತಿದ್ದನು. ಕ್ರಮವಾದ ಸಾಧನೆಗಳಿಲ್ಲವೆಂದು 1894ರಲ್ಲಿ ರಾಯಲ್ ಸೊಸೈಟಿ ಅವನ ಲೇಖನವೊಂದನ್ನು ಹಿಂದಿರುಗಿಸಿತು. ಎದುರಾಳಿಗಳನ್ನು ಕುಟುಕುವುದರಲ್ಲಿಯೂ ಅವನು ಹಿಂದೆಮುಂದೆ ನೋಡುತ್ತಿರಲಿಲ್ಲ. ಆದರೆ ಅರಿವನ್ನು ಕೆಲವರ ಸೊತ್ತಾಗಿ ಉಳಿಯಗೊಡದೆ ಕೆಲಸಗಾರನ ಕೈಗೂ ಎಟುಕುವಂತೆ ಮಾಡಬೇಕೆಂಬ ಹಂಬಲ ಅವನಲ್ಲಿ ಎಂದೂ ಬತ್ತಲಿಲ್ಲ.

ಅಂತಹ ಹಂಬಲ ನಮ್ಮ ನಾಡಿಗೂ ಹೊಸದಲ್ಲ. 1918ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಎರಡು ವರ್ಷ ಮಾತ್ರ ನಡೆದು ನಿಂತಿತು. ಆದರೆ ಕನ್ನಡದಲ್ಲಿ ವಿಜ್ಞಾನವನ್ನು ಹೇಳಬಹುದು, ಅದಕ್ಕೆ ತಕ್ಕ ಮಾತುಗಳನ್ನು ಆರಿಸಿಕೊಳ್ಳಬಹುದು ಎಂಬ ದಾರಿ ತೆರೆದುಕೊಂಡಿತು. ದಿಕ್ಕಿನೊಡನೆ ಕೂಡಿದುದು ಸದಿಶ, ದಿಕ್ಕಿಲ್ಲದುದು ಅದಿಶ ಎಂದು ಇಂದು ನಮ್ಮ ಮಕ್ಕಳು ಸುಲಭವಾಗಿ ಹೇಳುತ್ತಾರೆ. ಹೆಸರಿನಲ್ಲಿಯೇ ಅರ್ಥವಿರುವುದರಿಂದ ಅದನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕಾಗಿಲ್ಲ.

ಅಚ್ಚಿನಲ್ಲಿ ದಪ್ಪಕ್ಷರ ಸುಲಭ; ಸೀಮೆಸುಣ್ಣದಿಂದ ಕರಿಹಲಗೆಯ ಮೇಲೆ ಅದನ್ನು ಬರೆಯುವುದು ಕಷ್ಟ. ಅದಕ್ಕಾಗಿ ಉಪಾಧ್ಯಾಯರು ಅಕ್ಷರದ ತಲೆಯ ಮೇಲೆ ಚಿಕ್ಕ ಬಾಣವೊಂದನ್ನು ಎಳೆಯುತ್ತಾರೆ. ದಪ್ಪಕ್ಷರ ಮಾಡುವ ಕೆಲಸವನ್ನೇ ಬಾಣವೂ ಮಾಡುತ್ತದೆ. ಕೆಲವು ವಿದ್ಯಾರ್ಥಿಗಳು ಅವಸರದಲ್ಲಿ ಅದನ್ನು ಬಿಟ್ಟುಬಿಡುತ್ತಾರೆ. ಬಿಟ್ಟಾಗ ಮೂರಕ್ಕೆ ನಾಲ್ಕು ಸೇರಿ ಏಳಾಗುತ್ತದೆ. ವಿಮಾನ ದಾರಿ ತಪ್ಪುತ್ತದೆ. ದೇಶದ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ತಂತಿಯ ಕೆಲಸಗಾರನು ಕಟ್ಟಿಕೊಟ್ಟ ಲಿಪಿ ಮಾತ್ರ ಶಾಲೆಶಾಲೆಗಳಲ್ಲಿ ಉಳಿದಿದೆ. ಅಕ್ಷರದ ಮೇಲೆ ಬಾಣವನ್ನೆಳೆಯುವಾಗ, ಮಂದಕಿವಿಯ ಆ ಬಡವನು ಒಂದು ಸರಿಯಾದ ಗುರುತಿಗಾಗಿ ಪಟ್ಟ ಶ್ರಮವನ್ನು ವಿದ್ಯಾರ್ಥಿಗಳು ಒಮ್ಮೆ ನೆನೆಯುವುದು ಉಚಿತ.